ಲಂಗರು ಕಲಿಸುವ ತಾಳ್ಮೆ

ಗ್ರೀಸಿನ ಸೈಕ್ಲಡೀಸ್ ದ್ವೀಪಗಳ ನಡುವೆ ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಒಣಗಾಳಿಗೆ ಮೆಲ್ತೆಮಿ ಎಂದು ಹೆಸರು. ಜುಲೈ, ಆಗಸ್ಟ್ ತಿಂಗಳಲ್ಲಿ ಅದರ ಬಿರುಸು ಹೆಚ್ಚು. ಆಕಾಶ ಶುಭ್ರವಾಗಿರುವಾಗಲೇ ಕಡಲು ಕೆರಳುತ್ತದೆ. ಹಾಯಿದೋಣಿಗಳು ಪಾರೋಸ್, ನಾಕ್ಸೋಸ್ ಬಂದರುಗಳಲ್ಲಿ ಗಾಳಿ ತಗ್ಗುವವರೆಗೆ ಕಾಯುತ್ತವೆ.

ಅಲ್ಲಿ ದೋಣಿಯ ಮುಂದಿನ ಲಂಗರು ಇಳಿಬಿಟ್ಟು, ಹಿಮ್ಮುಖವಾಗಿ ಸರಿದು, ಹಿಂಬದಿಯನ್ನು ಹಗ್ಗಗಳಿಂದ ಧಕ್ಕೆಗೆ ಬಿಗಿಯುವುದು ರೂಢಿ. ಸಾಲುದೋಣಿಗಳ ಲಂಗರು ಸರಪಳಿಗಳು ನೀರಿನಡಿ ಕೆಲವೊಮ್ಮೆ ಒಂದರ ಮೇಲೊಂದು ಬೀಳುತ್ತವೆ. ಬೆಳಿಗ್ಗೆ ಲಂಗರು ಎತ್ತಿದರೆ ನೆರೆಯವರ ಸರಪಳಿಯೂ ಜೊತೆಗೆ ಬರುತ್ತದೆ. ಆಗ ಅದರಡಿ ಹಗ್ಗ ಹಾಯಿಸಿ ಹಿಡಿದು, ಲಂಗರನ್ನು ತುಸು ಇಳಿಸಿ ಬಿಡಿಸಿಕೊಂಡು, ಹಗ್ಗದ ಒಂದು ತುದಿ ಸಡಿಲಿಸಬೇಕು. ಸರಪಳಿ ಮತ್ತೆ ತಳ ಸೇರುತ್ತದೆ.

ಸಂಜೆ ದಡದ ತವೆರ್ನಾ ಎಂಬ ಊಟದಂಗಡಿಗಳಲ್ಲಿ, ಬಿಸಿಲಿಗೆ ಹಗ್ಗದ ಮೇಲೆ ಒಣಗಿದ ಆಕ್ಟೋಪಸ್ ಕೆಂಡದ ಮೇಲೆ ಬೇಯುತ್ತದೆ. ದಿನದ ದಣಿವು ಅಲ್ಲಿ ಕರಗುತ್ತದೆ.

ಗಾಳಿಯನ್ನು ಯಾರೂ ತಡೆಯಲಾರರು. ಸಿಕ್ಕನ್ನಾದರೋ ಜಗ್ಗದೆ, ನೆರೆಯವರೊಡನೆ ಸೇರಿ ಬಿಡಿಸಬಹುದು.