ನಿಲ್ಲಿಸುವಾಗಲೇ ನಾಳೆಯ ಚಾಲೂ

ಹೆಸರು ಬೆಳೆಗೆ ಔಷಧ ಹೊಡೆಯುವ ದಿನ ಹತ್ತಿರ ಬಂದರೆ ಸೊರಟೂರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬರುವ ತಕರಾರು ಒಂದೇ: ಕಡಲೆಗೆ ಹೊಡೆಯುವಾಗ ಪೆಟ್ರೋಲ್ ಸ್ಪ್ರೇ ಯಂತ್ರ ಚಲೋ ಇತ್ತು, ಈಗ ಹಗ್ಗ ಜಗ್ಗಿ ಜಗ್ಗಿ ರಟ್ಟೆ ಸೋತರೂ ಚಾಲೂ ಆಗವಲ್ದು, ಏನು ಕೆಟ್ಟೈತಿ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ಸಲ ಏನೂ ಕೆಟ್ಟಿರುವುದಿಲ್ಲ. ಚಳಿಗಾಲದಲ್ಲಿ ಕಡಲೆ ಹೊಲದ ಕೆಲಸ ಮುಗಿಸಿ ಯಂತ್ರವನ್ನು ಗೂಟಕ್ಕೆ ತೂಗುಹಾಕಿದಿರಲ್ಲ, ಆ ದಿನ ಅದನ್ನು ಹೇಗೆ ನಿಲ್ಲಿಸಿದಿರಿ ಎಂಬುದರಲ್ಲೇ ಮುಂಗಾರಿನ ಈ ತಕರಾರು ಹುಟ್ಟಿರುತ್ತದೆ.

ಸ್ವಿಚ್ ಒತ್ತಿ ನಿಲ್ಲಿಸಿದಾಗ ಕಾರ್ಬೊರೇಟರಿನ ಬಟ್ಟಲಿನಲ್ಲಿ ನಾಲ್ಕಾರು ಚಮಚ ಪೆಟ್ರೋಲ್ ಉಳಿಯುತ್ತದೆ. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಹಗುರ ಪಾಲೂ ಇದೆ, ತಡವಾಗಿ ಆವಿಯಾಗುವ ಭಾರದ ಪಾಲೂ ಇದೆ. ತಣ್ಣಗಿರುವ ಎಂಜಿನ್ನಿನಲ್ಲಿ ಕಿಡಿಗೆ ಮೊದಲು ಹೊತ್ತಿಕೊಳ್ಳುವುದು ಹಗುರ ಪಾಲಿನ ಆವಿ. ಆರೇಳು ತಿಂಗಳು, ಅದರ ನಡುವೆ ನಮ್ಮ ಎರೆ ಸೀಮೆಯ ಬೇಸಿಗೆ. ಹಗುರ ಪಾಲು ಹಾರಿಹೋಗುತ್ತದೆ, ಉಳಿದದ್ದು ಗಾಳಿಯೊಡನೆ ಕೂಡಿ ಅಂಟಾಗುತ್ತದೆ. ಟೂ ಸ್ಟ್ರೋಕ್ ಆಯಿಲ್ ಬೆರೆಸಿದ್ದರೆ ಅದೂ ತಳದಲ್ಲೇ ಕೂರುತ್ತದೆ. ಅಂಥ ಬಟ್ಟಲನ್ನು ಬಿಚ್ಚಿದರೆ ಕಾಕಂಬಿ ಬಣ್ಣದ ಪೊರೆ ಕಾಣುತ್ತದೆ, ಹಳೇ ಬಣ್ಣದ ಡಬ್ಬಿಯಂಥ ವಾಸನೆ ಮೂಗಿಗೆ ಬಡಿಯುತ್ತದೆ. ಆ ಅಂಟು ಪೆಟ್ರೋಲ್ ಹಾಯುವ ಜೆಟ್ಟಿನ ತೂತಿನಲ್ಲಿ ಸೇರಿದರೆ ಸಾಕು, ದಾರಿ ಕಟ್ಟುತ್ತದೆ. ಸಣ್ಣ ಜೆಟ್ಟಿನ ತೂತು ಇರುವುದೇ ಸುಮಾರು ಅರ್ಧ ಮಿಲಿಮೀಟರ್.

ಈಗಿನ ಪೆಟ್ರೋಲಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಅದೇ ಸಾಮಾನ್ಯ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಎಂಜಿನ್ನು ಎಣ್ಣೆ ಎಳೆಯುವುದು ತಳದಿಂದಲೇ. ಹಾಗೆಂದು ಎಥನಾಲ್ ಬಂದ ಮೇಲೆ ಯಂತ್ರಗಳೆಲ್ಲ ಹಾಳಾದವು ಎನ್ನುವ ಮಾತು ಒಪ್ಪುವಂಥದ್ದಲ್ಲ. ದಿನಾ ಓಡುವ ಬೈಕಿನಲ್ಲಿ ಪೆಟ್ರೋಲ್ ಹಳೆಯದಾಗುವ ಮೊದಲೇ ಉರಿದುಹೋಗುತ್ತದೆ. ತೊಂದರೆ ಇರುವುದು ನಿಂತ ಎಣ್ಣೆಯಲ್ಲಿ. ಮತ್ತೊಮ್ಮೆ ಹೇಳುತ್ತೇನೆ: ನಿಂತ ಎಣ್ಣೆಯಲ್ಲಿ.

ಇದಕ್ಕೆ ಸಾಕ್ಷಿ ಬೇಕೆಂದರೆ ಕರಾವಳಿಯ ನಾಡದೋಣಿಗಳನ್ನು ನೋಡಬೇಕು. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡದಲ್ಲಿ ದೋಣಿಯ ಹಿಂಭಾಗಕ್ಕೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಅನೇಕವು ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುತ್ತವೆ. ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳಬೇಕಾದರೆ ಅದು ಸುಮಾರು 40 ಡಿಗ್ರಿಯಾದರೂ ಬಿಸಿಯಾಗಿರಬೇಕು. ಪೆಟ್ರೋಲಿಗೆ ಹಿಮದಂಥ ಚಳಿಯಲ್ಲೂ ಅಡ್ಡಿಯಿಲ್ಲ. ಅದಕ್ಕೇ ದಡ ಮುಟ್ಟುವ ಮುಂಚೆ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಿಯೇ ಎಂಜಿನ್ ನಿಲ್ಲಿಸಬೇಕೆಂಬುದು ಅವುಗಳ ನಿಯಮ. ಮರೆತರೆ ಬಟ್ಟಲಿನಲ್ಲಿ ಸೀಮೆಎಣ್ಣೆಯೇ ಉಳಿಯುತ್ತದೆ, ಮರುದಿನ ನಸುಕಿನಲ್ಲಿ ಎಷ್ಟು ಜಗ್ಗಿದರೂ ಎಂಜಿನ್ನು ಉಸಿರೆತ್ತುವುದಿಲ್ಲ. ನಮ್ಮ ಹಳ್ಳದ ದಂಡೆಯ ಸೀಮೆಎಣ್ಣೆ ಪಂಪುಗಳಿಗೂ ಇದೇ ನಿಯಮ. ಅಂದರೆ ಎಂಜಿನ್ನು ಒಂದೇ, ಪ್ಲಗ್ ಒಂದೇ, ಹಗ್ಗ ಒಂದೇ. ಬದಲಾದದ್ದು ಬಟ್ಟಲಿನ ನಾಲ್ಕು ಚಮಚ ಮಾತ್ರ.

ಇಷ್ಟು ಹೇಳಿದರೂ ಕೆಲವರು ಪ್ಲಗ್ಗನ್ನೇ ಹಿಡಿದು ಕೂರುತ್ತಾರೆ. ಅವರ ವಾದ: ಪ್ಲಗ್ ಬಿಚ್ಚಿದಾಗ ಒದ್ದೆ ಇತ್ತು, ಕಪ್ಪಾಗಿತ್ತು. ಒದ್ದೆ ಪ್ಲಗ್ ಹೇಳುವುದು ಎಣ್ಣೆ ಬಂದಿದೆ, ಉರಿದಿಲ್ಲ ಎಂದು. ಸತ್ತ ಎಣ್ಣೆ ಬಂದರೂ ಪ್ಲಗ್ ಒದ್ದೆಯಾಗುತ್ತದೆ. ಚೋಕ್ ಮುಚ್ಚಿಕೊಂಡೇ ಇಪ್ಪತ್ತು ಸಲ ಜಗ್ಗಿದರೂ ಒದ್ದೆಯಾಗುತ್ತದೆ. ಹತ್ತು ಸಲ ಜಗ್ಗಿದ ಮೇಲೂ ಪ್ಲಗ್ ಒಣಗಿಯೇ ಇದ್ದರೆ ಎಣ್ಣೆಯೇ ಬರುತ್ತಿಲ್ಲ ಎಂದರ್ಥ, ಜೆಟ್ ಕಟ್ಟಿರಬಹುದು. ಎರಡರಲ್ಲೂ ಮೊದಲು ಕೈ ಹೋಗಬೇಕಾದದ್ದು ಬಟ್ಟಲಿಗೆ. ನಿನ್ನೆ ತಾನೇ ಹೊಸ ಪೆಟ್ರೋಲ್ ಹಾಕಿಸಿದ್ದೇನೆ ಎಂಬ ವಾದವೂ ನಿಲ್ಲುವುದಿಲ್ಲ. ಹೊಸದು ಟಾಕಿಯಲ್ಲಿದೆ, ಎಂಜಿನ್ನಿನ ಬಾಯಿಗೆ ಮೊದಲು ಬರುವುದು ಹಳೆಯದು. ಬಟ್ಟಲು ತೊಳೆದು, ಜೆಟ್ ಊದಿ, ಹೊಸ ಪೆಟ್ರೋಲ್ ಬಿಟ್ಟು, ಪ್ಲಗ್ ಒರೆಸಿ ಹಾಕಿದ ಮೇಲೂ ಚಾಲೂ ಆಗದಿದ್ದರೆ ಆಗ ಕಿಡಿಯ ಮೇಲೆ ಅನುಮಾನ ಪಡಿ.

ಹಾಗಾದರೆ ನಿಲ್ಲಿಸುವುದು ಹೇಗೆ? ಸುಗ್ಗಿ ಮುಗಿದ ದಿನ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ನು ತಾನಾಗಿ ನಿಲ್ಲುವ ತನಕ ಸಣ್ಣ ವೇಗದಲ್ಲಿ ಬಿಡಿ. ಅದು ಆರಿದ ಮೇಲೆ ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಉಳಿದ ಹನಿಗಳನ್ನೂ ಇಳಿಸಿ. ಟಾಕಿ ಖಾಲಿ ಮಾಡಿ. ಟೂ ಸ್ಟ್ರೋಕಿನಲ್ಲಿ ಎಣ್ಣೆ ತೀರುವ ತನಕ ಓಡಿಸಿದರೆ ಪಿಸ್ಟನ್ ಸವೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ, ಪ್ರಶ್ನೆ ಸರಿಯಾದದ್ದೇ. ಎಕ್ಸಿಲರೇಟರ್ ಏರಿಸಿ ಖಾಲಿ ಮಾಡಿದರೆ ಅಪಾಯವಿದೆ. ಸಣ್ಣ ವೇಗದಲ್ಲಿ ಭಾರವಿಲ್ಲದೆ ಓಡುವ ಆ ಸ್ವಲ್ಪ ಹೊತ್ತಿಗೆ ಒಳಗೆ ಅಂಟಿದ ಆಯಿಲ್ ಸಾಕಾಗುತ್ತದೆ. ಪೆಟ್ರೋಲ್ ದಂಡ ಎನ್ನುವವರು ಆ ಚಮಚಗಳ ಬೆಲೆಯನ್ನೂ ಮೆಕ್ಯಾನಿಕ್ಕಿನ ಕೂಲಿಯನ್ನೂ ಅಕ್ಕಪಕ್ಕ ಇಟ್ಟು ನೋಡಲಿ.

ಸಮಯ ಮುಗಿಯುತ್ತ ಬಂತು, ಉಳಿದದ್ದು ಒಂದೊಂದೇ ಮಾತು. ಪೆಟ್ರೋಲ್ ಇಳಿಸುವಾಗ ಬೀಡಿ ಬೇಡ, ಬಿಸಿ ಎಂಜಿನ್ನೂ ಬೇಡ. ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ ಪ್ಲಗ್ಗಿನ ಕಿಡಿ ನೋಡಬೇಡಿ. ಗಾಳಿ ಫಿಲ್ಟರಿನ ಧೂಳು ಝಾಡಿಸಿ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು, ಕೊಣ್ಣೂರ ಕಡೆ ನೀರು ಹೊಕ್ಕದ್ದು ನಮ್ಮ ಜಿಲ್ಲೆಗೆ ನೆನಪಿದೆ. ಅಂಥ ನೆರೆಯಲ್ಲಿ ಜನರನ್ನು ದಾಟಿಸುವ ದೋಣಿಯ ಎಂಜಿನ್ನೂ ಹನ್ನೊಂದು ತಿಂಗಳು ಸುಮ್ಮನೆ ಕೂತು ಒಂದು ದಿನ ಮೊದಲ ಜಗ್ಗಿಗೇ ಏಳಬೇಕಾದದ್ದು. ನಿಮ್ಮ ಊರಲ್ಲಿ ಅಂಥದೊಂದು ಇದ್ದರೆ, ಕೊನೆಯ ಸಲ ಓಡಿಸಿದವರು ಅದರ ಬಟ್ಟಲು ಖಾಲಿ ಮಾಡಿದ್ದಾರೆಯೇ ಎಂದು ಇವತ್ತೇ ಕೇಳಿ ನೋಡಿ.