ಸಿಟಿ ಬ್ರೇಕ್‌ಗೆ ಒಂದು ಹಳ್ಳಿ: ಬಳ್ಳಿಗಾವಿಯಲ್ಲಿ ಎರಡು ದಿನ

 

ಕಳೆದ ತಿಂಗಳಿಂದ ನನ್ನ ಇನ್‌ಬಾಕ್ಸ್‌ನಲ್ಲಿ ಒಂದೇ ಪ್ರಶ್ನೆ: ಯುರೋಪಲ್ಲಿ ಯಾರೂ ಹೋಗದ ಊರು ಯಾವುದಿದೆ ಹೇಳಿ. ಪ್ಯಾರಿಸ್, ರೋಮ್ ಎಲ್ಲಾ ರೀಲ್ಸಲ್ಲೇ ನೋಡಿ ಮುಗಿದಿದೆಯಂತೆ. ಸರಿ. ಅಲ್ಲಿಯವರು ಶುಕ್ರವಾರ ಸಂಜೆ ಹೊರಟು, ಒಂದು ಊರಲ್ಲಿ ಎರಡು ರಾತ್ರಿ ಇದ್ದು, ನಡ್ಕೊಂಡೇ ಊರು ನೋಡಿ ಭಾನುವಾರ ವಾಪಸ್ ಬರ್ತಾರೆ. ಅದೇ ಸಿಟಿ ಬ್ರೇಕ್. ನಮಗಾದ್ರೆ ಶೆಂಗೆನ್ ವೀಸಾ ಶುಲ್ಕವೇ 90 ಯೂರೋ, ವೀಸಾ ಕೊಡಲ್ಲ ಅಂದ್ರೂ ಆ ದುಡ್ಡು ವಾಪಸ್ ಬರಲ್ಲ. ಬಿಕಾಂ ಓದಿದವನಿಗೆ ಇಂಥಾ ಖರ್ಚು ಹೊಟ್ಟೆ ಉರಿಸುತ್ತೆ.

ಹಾಗಾಗಿ ಇವತ್ತು ಒಂದು ಸಿಟಿ ಹೇಳ್ತೀನಿ, ವೀಸಾ ಬೇಡ. ಆದ್ರೆ ಆ ಸಿಟಿ ಈಗ ಹಳ್ಳಿ. ಶಿವಮೊಗ್ಗ ಜಿಲ್ಲೆ, ಶಿಕಾರಿಪುರ ತಾಲ್ಲೂಕು, ಶಿರಾಳಕೊಪ್ಪದ ಪಕ್ಕ, ಬಳ್ಳಿಗಾವಿ.

ಸಾವಿರ ವರ್ಷದ ಹಿಂದೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ಅನ್ನೋ ದೊಡ್ಡ ನಾಡಿಗೆ ಇದು ರಾಜಧಾನಿ. ಮಠಗಳು, ಅಗ್ರಹಾರಗಳಂಥ ಬ್ರಹ್ಮಪುರಿಗಳು, ವ್ಯಾಪಾರಿ ಸಂಘಗಳು ಎಲ್ಲಾ ಇದ್ವು. ಶಿವ, ವಿಷ್ಣು, ಬ್ರಹ್ಮ, ಜಿನ, ಬುದ್ಧ ಐದೂ ಜನಕ್ಕೆ ಇದೇ ಊರಲ್ಲಿ ನೆಲೆ ಇತ್ತು. 1065ರಲ್ಲಿ ರೂಪಭಟ್ಟಯ್ಯ ಅನ್ನೋ ಅಧಿಕಾರಿ ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ. ಕನ್ನಡನಾಡಲ್ಲಿ ಬೌದ್ಧ ಧರ್ಮ ಆ ಹೊತ್ತಿಗೆ ಮುಗಿದೇ ಹೋಗಿತ್ತು ಅಂದುಕೊಂಡಿರೋರು ಈ ಇಸವಿಯನ್ನ ನೆನಪಿಟ್ಕೊಳ್ಳಿ.

ಜನ ಇಲ್ಲಿ ಏನು ಮಾಡ್ತಾರೆ ಗೊತ್ತಾ? ಜೋಗಕ್ಕೆ ಹೋಗೋ ದಾರೀಲಿ ಕಾರು ನಿಲ್ಲಿಸಿ, ಕೇದಾರೇಶ್ವರದ ಮುಂದೆ ಎರಡು ಫೋಟೋ ಹೊಡೆದು, ಇಪ್ಪತ್ತು ನಿಮಿಷಕ್ಕೆ ಹೊರಡ್ತಾರೆ. ದೇವಸ್ಥಾನ ಚೆಂದವೇ, ಇಲ್ಲ ಅನ್ನಲ್ಲ. ಮೂರು ಗರ್ಭಗುಡಿ, ನುಣುಪಾದ ಬಳಪದ ಕಲ್ಲು, ಮೇಲೆ ಸಿಂಹದ ಜೊತೆ ಹೋರಾಡೋ ಸಳ, ಅಂದ್ರೆ ಹೊಯ್ಸಳರ ಲಾಂಛನ. ಆದ್ರೆ ಈ ಜಾಗದ ನಿಜವಾದ ಕಥೆ ದೇವಸ್ಥಾನಕ್ಕೆ ಸೇರಿದ್ದ ಮಠದ್ದು. ಕೋಡಿಯ ಮಠ. ಕೆರೆ ಕೋಡಿಯ ಹತ್ತಿರದ್ದು, ಕಾಳಾಮುಖ ಶೈವರದ್ದು.

1162ರ ಒಂದು ಶಾಸನ ಇದೆ, ಕಳಚೂರಿ ಬಿಜ್ಜಳನ ಕಾಲದ್ದು. ಹೌದು, ಬಸವಣ್ಣನ ಕಥೆಯಲ್ಲಿ ಬರೋ ಅದೇ ಬಿಜ್ಜಳ. ಈ ಮಠದಲ್ಲಿ ಏನೇನು ನಡೀತಿತ್ತು ಅಂತ ಅದರಲ್ಲಿ ಪಟ್ಟಿನೇ ಇದೆ. ನಾಲ್ಕು ವೇದ, ಹಲವು ಪಂಥದ ವ್ಯಾಕರಣ, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಯೋಗ, ಹದಿನೆಂಟು ಪುರಾಣ. ಕೇಳಿ, ಶೈವ ಮಠದಲ್ಲಿ ಬೌದ್ಧ ದರ್ಶನವೂ ಪಾಠ! ಎದುರಾಳಿ ವಾದವನ್ನ ಸರಿಯಾಗಿ ಓದದೆ ಕಾಮೆಂಟ್ ಹಾಕೋ ನಮಗೆ ಇದು ಸ್ವಲ್ಪ ಚುಚ್ಚಬೇಕು.

ಪಟ್ಟಿ ಅಲ್ಲಿಗೇ ಮುಗಿಯಲ್ಲ. ಬಡವರಿಗೆ, ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಊಟ. ಹಾಡೋರಿಗೆ, ವಾದ್ಯ ನುಡಿಸೋರಿಗೆ, ಕುಣಿಯೋರಿಗೆ ಊಟ. ಬೇರೆ ಮತದ ಸನ್ಯಾಸಿಗಳು, ಜೈನ ದಿಗಂಬರರು ಬಂದ್ರೂ ಊಟ. ಕಾಯಿಲೆ ಬಿದ್ದವರಿಗೆ ಔಷಧಿ. ಯಾವ ಜೀವಿಗಾದ್ರೂ ಇಲ್ಲಿ ಅಭಯ ಅಂತ ಆ ಶಾಸನ ಹೇಳುತ್ತೆ. ಅಂದ್ರೆ ಗೊತ್ತಿಲ್ಲದೋನು ಊರಿಗೆ ಬಂದ್ರೆ ಅವನನ್ನ ಏನು ಮಾಡ್ಬೇಕು ಅನ್ನೋದಕ್ಕೆ ಈ ಸಿಟಿಯಲ್ಲಿ ಒಂದು ವ್ಯವಸ್ಥೆ ಇತ್ತು, ಅದಕ್ಕೆ ಬಜೆಟ್ ಕೂಡ ಇತ್ತು.

ಬಜೆಟ್ ಅಂದಿದ್ದು ತಮಾಷೆಗಲ್ಲ. ಶಾಸನಗಳನ್ನ ನಾನು ಲೆಡ್ಜರ್ ಥರಾನೇ ಓದ್ತೀನಿ. ಕೊಟ್ಟೋರು ಯಾರು, ಯಾವ ಜಮೀನು, ಅದರ ಆದಾಯ ಯಾವ ತಲೆಬರಹಕ್ಕೆ. ಈ ಕಾಲದ ದತ್ತಿಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಅಂತ ಮತ್ತೆ ಮತ್ತೆ ಬರುತ್ತೆ. ಒಡೆದದ್ದು, ಬಿರುಕು ಬಿಟ್ಟದ್ದನ್ನ ರಿಪೇರಿ ಮಾಡೋಕೆ ಎತ್ತಿಟ್ಟ ದುಡ್ಡು. ಕಟ್ಟಡ ಉದ್ಘಾಟನೆ ದಿನವೇ ಮೇಂಟೆನೆನ್ಸ್ ಫಂಡ್! ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳು ಒಮ್ಮೆ ಬಂದು ನೋಡ್ಬೇಕು.

ಇನ್ನು ಗಂಡಭೇರುಂಡದ ಕಂಬ. ಸುಮಾರು ಮೂವತ್ತು ಅಡಿ ಎತ್ತರ. 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ್ದು. ನಿಮ್ಮ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಮೇಲಿರೋ ರಾಜ್ಯ ಲಾಂಛನದ ಆ ಎರಡು ತಲೆ ಹಕ್ಕಿ ಇದೆಯಲ್ಲ, ಇಲ್ಲಿ ಅದಕ್ಕೆ ಮನುಷ್ಯನ ಮೈ. ಹತ್ತಿರದಲ್ಲೇ ತ್ರಿಪುರಾಂತಕೇಶ್ವರ. ಅಲ್ಲಿ ಬಾಗಿಲ ಪಕ್ಕದ ಜಾಲಂಧ್ರ ನೋಡಿ, ಆಮೇಲೆ ಬಗ್ಗಿ ಅಡಿಪಾಯದ ಸುತ್ತ ಇರೋ ಪುಟ್ಟ ಕೆತ್ತನೆ ನೋಡಿ. ಪಂಚತಂತ್ರದ ಕಥೆಗಳು ಅಲ್ಲಿವೆ. ಮಧ್ಯೆ ಮಿಥುನ ಶಿಲ್ಪಗಳೂ ಇವೆ, ಅಪ್ಪ ಅಮ್ಮನ ಜೊತೆ ಹೋದ್ರೆ ಸ್ವಲ್ಪ ಬೇಗ ಮುಂದೆ ನಡೀರಿ.

ಮದ್ದಳೆ ಬಾರಿಸುತ್ತಿದ್ದ ಅಲ್ಲಮ ಇದೇ ಊರಿನವನು ಅನ್ನುತ್ತೆ ಪರಂಪರೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕು. ಇನ್ನೊಬ್ಬ ಇದ್ದಾನೆ, ದಾಸೋಜ, ಶಿಲ್ಪಿ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ ಅಂತ ಅವನ ಸಹಿ ಇದೆ, ಮಗ ಚಾವಣನ ಸಹಿಯೂ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದಾಗ ನಾವೆಲ್ಲ ಸ್ಟೇಟಸ್ ಹಾಕಿದ್ವಿ. ದಾಸೋಜನ ಊರಿನ ಫೋಟೋ ಯಾರು ಹಾಕಿದ್ರು ಹೇಳಿ?

ಹಾಗಂತ ಬಳ್ಳಿಗಾವಿ ಒಂದೇ ಸಲ ಫೇಮಸ್ ಆಗಿಬಿಡಲಿ ಅಂತಲೂ ನಾನು ಹೇಳಲ್ಲ. ಇಟಲಿಯ ಮಟೇರಾ ಗೊತ್ತಲ್ಲ, ಬಂಡೆ ಕೊರೆದ ಮನೆಗಳ ಊರು. ಅಲ್ಲಿನ ಬಡವರನ್ನ 1952ರ ಕಾನೂನು ಮಾಡಿ ಹೊರಗೆ ಸಾಗಿಸಿದ್ರು. 1993ರಲ್ಲಿ ಯುನೆಸ್ಕೋ ಪಟ್ಟ, 2019ಕ್ಕೆ ಯುರೋಪಿನ ಸಾಂಸ್ಕೃತಿಕ ರಾಜಧಾನಿ. ಈಗ ಅದೇ ಗುಹೆಗಳಲ್ಲಿ ಹೋಟೆಲ್. ಅಷ್ಟು ದೂರ ಯಾಕೆ, ನಮ್ಮ ಹಂಪಿಯಲ್ಲೇ 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮನೆ ಅಂಗಡಿ ಕೆಡವಿದ್ರು. ಕಲ್ಲು ಉಳೀತು, ಅಲ್ಲಿ ಬದುಕ್ತಿದ್ದವರು ಎದ್ದು ಹೋಗ್ಬೇಕಾಯ್ತು.

ಬಳ್ಳಿಗಾವಿಯಲ್ಲಿ ಇನ್ನೂ ಜನ ಇದ್ದಾರೆ. ಹಳೇ ಸಿಟಿಯ ಮೇಲೇ ಅವರ ಮನೆ, ಹೊಲ, ಅಡಿಕೆ ತೋಟ. ಆದ್ದರಿಂದ ನೀವು ಹೇಗೆ ಹೋಗ್ತೀರಿ ಅನ್ನೋದು ಮುಖ್ಯ. ಇಪ್ಪತ್ತು ನಿಮಿಷದ ಪ್ರವಾಸಿಯಿಂದ ಊರಿಗೆ ಸಿಗೋದು ಧೂಳು, ಚಿಪ್ಸ್ ಕವರ್. ಶಿಕಾರಿಪುರದಲ್ಲೋ ಶಿರಾಳಕೊಪ್ಪದಲ್ಲೋ ರಾತ್ರಿ ಉಳಿಯೋರು ಲಾಡ್ಜಿಗೆ, ಆಟೋಗೆ, ಹೋಟೆಲ್‌ಗೆ ದುಡ್ಡು ಕೊಡ್ತಾರೆ. ಆ ದುಡ್ಡು ಅಲ್ಲೇ ಓಡಾಡುತ್ತೆ. ಊರೊಳಗೆ ನಡೆಯುವಾಗ ದೊಡ್ಡವರು ಕಂಡ್ರೆ ನಿಂತು ಮಾತಾಡ್ಸಿ. ಯಾರ ಅಂಗಳದಲ್ಲಾದ್ರೂ ಹಳೇ ಕಲ್ಲು ಕಂಡ್ರೆ ಕ್ಯಾಮೆರಾ ತೆಗೆಯೋ ಮುಂಚೆ ‘ಅಕ್ಕಾ, ನೋಡ್ಲಾ?’ ಅಂತ ಕೇಳಿ.

ಪ್ಲಾನ್ ಬೇಕಾ, ಬರ್ಕೊಳ್ಳಿ. ಶಿವಮೊಗ್ಗದವರೆಗೆ ರಾತ್ರಿ ರೈಲು, ಅಲ್ಲಿಂದ ಶಿಕಾರಿಪುರದ ಮೇಲೆ ಶಿರಾಳಕೊಪ್ಪಕ್ಕೆ ಬಸ್ಸು, ಅಲ್ಲಿಂದ ಆಟೋ. ಮೊದಲ ದಿನ ಪೂರ್ತಿ ಬಳ್ಳಿಗಾವಿ, ನಡ್ಕೊಂಡೇ. ಸಂಜೆ ಹತ್ತಿರದ ತಾಳಗುಂದ. ಅಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದಲ್ಲಿ ಕದಂಬರ ಕಥೆ ಇದೆ, ಬರೆದ ಕವಿ ಕುಬ್ಜ. ಓದೋಕೆ ಅಂತ ಕಂಚಿಗೆ ಹೋದ ಮಯೂರಶರ್ಮ ಅಲ್ಲೊಬ್ಬ ಕುದುರೆ ಸವಾರನ ಜೊತೆ ಜಗಳ ಆಗಿ, ಓದು ಬಿಟ್ಟು ಬಂದು ರಾಜ್ಯವನ್ನೇ ಕಟ್ಟಿದ. ಡ್ರಾಪ್‌ಔಟ್ ಕಥೆ ಇಷ್ಟಪಡೋರಿಗೆ ಇದಕ್ಕಿಂತ ಹಳೇದು ಬೇಕಾ?

ಎರಡನೇ ದಿನ ಸೊರಬದ ಕಡೆ ಹೋದ್ರೆ ಆನವಟ್ಟಿ ಹತ್ತಿರ ಕುಬಟೂರಿನ ಕೈಟಭೇಶ್ವರ. ಆದ್ರೆ ಒಂದೇ ಜಾಗಕ್ಕೆ ಟೈಮ್ ಇದೆ ಅಂದ್ರೆ ನಾನು ಬಂದಳಿಕೆ ಅಂತೀನಿ. ಹತ್ತನೇ ಶತಮಾನದ ಶುರುವಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತು ಅನ್ನೋ ಭಾಗದ ನಾಳ್ಗಾವುಂಡ ತೀರಿಕೊಂಡ. ಅವನ ಜಾಗಕ್ಕೆ ಹೆಂಡತಿ ಜಕ್ಕಿಯಬ್ಬೆಯನ್ನೇ ಕೂರಿಸಿದ್ರು. ಆಕೆ ಚೆನ್ನಾಗಿ ಆಳಿದಳು ಅಂತ ಶಾಸನ ಇದೆ. ಕಾಯಿಲೆ ಬಂದಾಗ ಅಧಿಕಾರವನ್ನ ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು ಕಣ್ಣು ಮುಚ್ಚಿದಳು. ಆಟೋದವರ ಹತ್ತಿರ ಹೋಗಿ ಬರೋದಕ್ಕೂ ಸೇರಿಸಿ ಮಾತಾಡ್ಕೊಳ್ಳಿ, ನೀರು ಜೊತೆಗೆ ಒಯ್ಯಿರಿ.