ಭಿಕ್ಷೆಯಲ್ಲ, ನಮ್ಮ ಲೆಕ್ಕ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಫ್ಯಾಕ್ಟರಿ ಕೆಲಸ ಹೋಗಿ ನಾವು ಕೇರಿಗೆ ಬಂದಾಗ ಮನೆಯಲ್ಲಿ ಏನಂದರು ಗೊತ್ತಾ? "ಓದಿಸಿದ್ದು ಸರ್ಕಾರದ ಮುಂದೆ ಕೈ ಒಡ್ಡೋಕಾ?"

ಅಪ್ಪನ ಮೇಲೆ ಸಿಟ್ಟಾಗಬೇಡಿ. ಗೌಡರ ಹಿತ್ತಿಲಲ್ಲಿ ಕೈ ಒಡ್ಡಿ ಉಂಡ ನೋವು ಆ ಮಾತಿನಲ್ಲಿದೆ.

ಆದರೆ ಲೆಕ್ಕ ನೋಡಿ. 2019ರಿಂದ ಇಎಸ್‌ಐಗೆ ನಮ್ಮ ಕೂಲಿಯ ನೂರು ರೂಪಾಯಿಗೆ 75 ಪೈಸೆ ಹಿಡೀತಾರೆ. ಮಾಲೀಕ 3 ರೂಪಾಯಿ 25 ಪೈಸೆ ಕಟ್ಟಬೇಕು. 2018ರಲ್ಲಿ ಅದರಡಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಬಂತು. ಕೆಲಸ ಹೋದವರಿಗೆ ಸರಾಸರಿ ದಿನಗೂಲಿಯ ಕಾಲು ಭಾಗವಿದ್ದ ಭತ್ಯೆ 2020ರಲ್ಲಿ ಅರ್ಧವಾಯಿತು. ಗರಿಷ್ಠ 90 ದಿನ.

ನಾಚಿಕೆಯಿಂದ ಅರ್ಜಿ ಹಾಕದಿದ್ದರೆ ಲಾಭ ಯಾರಿಗೆ? ಸಂಬಳದ ಚೀಟಿ ಜೋಪಾನವಾಗಿಡಿ. ಅದನ್ನೇ ಅಪ್ಪನಿಗೆ ಓದಿ ಹೇಳೋಣ.

ಜೈಭೀಮ್.